ಅಪರ್ಯಾಪ್ತ ಮಣ್ಣಿನಲ್ಲಿ ನೀರಿನ ಹರಿವಿನ ಮಾದರಿ ಕೈಕೊಟ್ಟಾಗ: ಲಕ್ಷಣದಿಂದ ಕಾರಣ ಹುಡುಕುವ ಕೈಪಿಡಿ

ಅಂತರ್ಜಲ ಮಟ್ಟಕ್ಕಿಂತ ಮೇಲಿರುವ, ರಂಧ್ರಗಳಲ್ಲಿ ನೀರು ಮತ್ತು ಗಾಳಿ ಎರಡೂ ಇರುವ ಅಪರ್ಯಾಪ್ತ ಮಣ್ಣಿನಲ್ಲಿ ನೀರು ಹೇಗೆ ಚಲಿಸುತ್ತದೆ ಎಂಬುದನ್ನು ಲೆಕ್ಕ ಹಾಕಲು ಬಹುತೇಕ ಎಲ್ಲರೂ ಬಳಸುವುದು ರಿಚರ್ಡ್ಸ್ ಸಮೀಕರಣವನ್ನು. ಡಾರ್ಸಿಯ ನಿಯಮವನ್ನೂ ನೀರಿನ ಸಂರಕ್ಷಣೆಯ ನಿಯಮವನ್ನೂ ಜೋಡಿಸಿ ಲೊರೆಂಜೊ ರಿಚರ್ಡ್ಸ್ ಅವರು 1931ರಲ್ಲಿ ಕೊಟ್ಟ ಈ ಸಮೀಕರಣ ಕಾಗದದ ಮೇಲೆ ಒಂದೇ ಸಾಲಿನದು. ಆದರೆ ಅದನ್ನು ಕಂಪ್ಯೂಟರಿನಲ್ಲಿ ಬಿಡಿಸಲು ಹೊರಟಾಗ ರನ್ ಅರ್ಧಕ್ಕೆ ನಿಲ್ಲುವುದು, ನೀರು ಲೆಕ್ಕಕ್ಕೆ ಸಿಗದಿರುವುದು, ಗ್ರಾಫಿನಲ್ಲಿ ಅರ್ಥವಿಲ್ಲದ ಏರಿಳಿತಗಳು ಕಾಣುವುದು ಸಾಮಾನ್ಯ.

ಇದಕ್ಕೆ ಮೂಲಕಾರಣವನ್ನು ಒಂದು ಉದಾಹರಣೆಯಲ್ಲೇ ಕಾಣಬಹುದು. ಕಾರ್ಸೆಲ್ ಮತ್ತು ಪ್ಯಾರಿಶ್ 1988ರಲ್ಲಿ ಪ್ರಕಟಿಸಿದ ಸರಾಸರಿಗಳ ಪ್ರಕಾರ ಗೋಡುಮಣ್ಣಿನ ಪರ್ಯಾಪ್ತ ಜಲವಾಹಕತೆ (ರಂಧ್ರಗಳೆಲ್ಲ ನೀರಿನಿಂದ ತುಂಬಿದಾಗ ಮಣ್ಣು ನೀರನ್ನು ಹರಿಯಬಿಡುವ ದರ) ದಿನಕ್ಕೆ 24.96 ಸೆಂ.ಮೀ. ಅದೇ ಮಣ್ಣು ಒಣಗಿ ಅದರ ಒತ್ತಡದ ಹೆಡ್ (ನೀರಿನ ಒತ್ತಡವನ್ನು ನೀರಿನ ಕಂಬದ ಎತ್ತರವಾಗಿ ಹೇಳುವ ಅಳತೆ; ಮಣ್ಣು ಒಣಗಿದಷ್ಟೂ ಹೆಚ್ಚು ಋಣ) −1,000 ಸೆಂ.ಮೀ.ಗೆ ಇಳಿದಾಗ, ಹೆಡ್‌ನಿಂದ ತೇವಾಂಶವನ್ನೂ ಜಲವಾಹಕತೆಯನ್ನೂ ಲೆಕ್ಕ ಹಾಕುವ ವಾನ್ ಗೆನುಕ್ಟನ್–ಮುಆಲೆಂ ಸೂತ್ರದಂತೆ ಜಲವಾಹಕತೆ ದಿನಕ್ಕೆ ಸುಮಾರು 0.000016 ಸೆಂ.ಮೀ. ಆಗುತ್ತದೆ, ಅಂದರೆ ಸುಮಾರು 15 ಲಕ್ಷ ಪಟ್ಟು ಕಡಿಮೆ. ಒಣ ಮಣ್ಣಿನ ಮೇಲೆ ಮಳೆ ಬಿದ್ದಾಗ ಈ ಎರಡು ಬೆಲೆಗಳು ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಎದುರುಬದುರಾಗುತ್ತವೆ, ಮತ್ತು ನಾವು ಬಳಸುವ ಸಂಖ್ಯಾ ವಿಧಾನ ಆ ಕಡಿದಾದ ಅಂಚನ್ನು ಹತ್ತಿಪ್ಪತ್ತು ನೋಡ್‌ಗಳಲ್ಲಿ, ಅಂದರೆ ಲೆಕ್ಕ ಹಾಕುವ ಬಿಂದುಗಳಲ್ಲಿ, ಹಿಡಿಯಬೇಕಾಗುತ್ತದೆ.

ಹೀಗಿದ್ದರೂ, ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಗಣಿತದ ಆಳದಲ್ಲಿರುವುದಿಲ್ಲ. ಅವು ಏಕಮಾನ, ಚಿಹ್ನೆ ಮತ್ತು ಅಂಚಿನ ಷರತ್ತುಗಳಲ್ಲಿರುತ್ತವೆ. ಆದ್ದರಿಂದ ಈ ಕೈಪಿಡಿ ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ ಕಷ್ಟದವುಗಳ ಕಡೆಗೆ ಸಾಗುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು: ರನ್ ನಿಂತ ಕೂಡಲೇ ಒಮ್ಮುಖದ ಟಾಲರೆನ್ಸನ್ನು (ಪ್ರತಿ ಕಾಲಹಂತದಲ್ಲಿ ಉತ್ತರವನ್ನು ಮತ್ತೆ ಮತ್ತೆ ತಿದ್ದುವ ಪುನರಾವರ್ತನೆಯನ್ನು ನಿಲ್ಲಿಸಲು ಒಪ್ಪುವ ವ್ಯತ್ಯಾಸದ ಮಿತಿಯನ್ನು) ಸಡಿಲಿಸಬೇಡಿ. ಸಡಿಲಿಸಿದರೆ ರನ್ ಮುಗಿಯಬಹುದು, ಆದರೆ ದೋಷ ಎಲ್ಲಿತ್ತು ಎಂಬ ಸುಳಿವು ಅಳಿಸಿಹೋಗುತ್ತದೆ. ಹಾಗೆಯೇ ಯಾವುದನ್ನೇ ಬದಲಿಸುವ ಮೊದಲು ಇನ್‌ಪುಟ್ ಫೈಲುಗಳ ಪ್ರತಿಯೊಂದನ್ನು ಬೇರೆಡೆ ಇಡಿ, ಮತ್ತು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಯಾವ ಲಕ್ಷಣವಿದ್ದರೂ ಮೊದಲು ಮಾಡಬೇಕಾದ ಪರೀಕ್ಷೆಗಳು

ಮೊದಲನೆಯದು ನಿಶ್ಚಲ ನೀರಿನ ಪರೀಕ್ಷೆ. ಮಾದರಿಯ ಮಣ್ಣಿನ ಕಂಬದ ಮೇಲೂ ಕೆಳಗೂ ನೀರಿನ ಹರಿವನ್ನು ಪೂರ್ತಿ ಮುಚ್ಚಿ. ತಳದಲ್ಲಿ ಒತ್ತಡದ ಹೆಡ್ ಸೊನ್ನೆ ಇಟ್ಟು, ಮೇಲಕ್ಕೆ ಹೋದಂತೆ ಪ್ರತಿ ಸೆಂಟಿಮೀಟರಿಗೆ ಒಂದು ಸೆಂಟಿಮೀಟರ್ ಕಡಿಮೆಯಾಗುವಂತೆ ಆರಂಭಿಕ ಸ್ಥಿತಿ ಕೊಡಿ. ಮಾದರಿಯನ್ನು ಹಲವು ದಿನಗಳ ಮಟ್ಟಿಗೆ ಓಡಿಸಿದರೂ ಏನೂ ಬದಲಾಗಬಾರದು. ನೀರು ಚಲಿಸಲು ಶುರುವಾದರೆ ಗುರುತ್ವದ ಪದದ ಚಿಹ್ನೆ ತಪ್ಪಿದೆ ಎಂದೇ ಅರ್ಥ. ಲಂಬ ಅಕ್ಷವನ್ನು ಒಂದು ಕಡೆ ಮೇಲ್ಮುಖವಾಗಿ, ಇನ್ನೊಂದು ಕಡೆ ಕೆಳಮುಖವಾಗಿ ತೆಗೆದುಕೊಂಡಿರುತ್ತೀರಿ. ಸ್ವಂತವಾಗಿ ಕೋಡ್ ಬರೆದವರಲ್ಲಿ ಈ ತಪ್ಪು ಎಷ್ಟು ಸಾಮಾನ್ಯವೆಂದರೆ, ಈ ಪರೀಕ್ಷೆ ಮಾಡದೆ ಮುಂದಿನ ಯಾವ ವಿಭಾಗವನ್ನೂ ಓದುವ ಅಗತ್ಯವಿಲ್ಲ.

ಎರಡನೆಯದು ಏಕರೂಪದ ಹರಿವಿನ ಪರೀಕ್ಷೆ. ಇಡೀ ಕಂಬಕ್ಕೆ ಒಂದೇ ಒತ್ತಡದ ಹೆಡ್ ಕೊಟ್ಟು, ಮೇಲ್ತುದಿಯಲ್ಲಿ ಅದೇ ಹೆಡ್ಡನ್ನು ಸ್ಥಿರವಾಗಿಟ್ಟು, ತಳವನ್ನು ಮುಕ್ತ ಬಸಿಯುವಿಕೆಗೆ ಬಿಡಿ. ಆಗ ಒತ್ತಡದ ಇಳಿಜಾರು ಇರುವುದಿಲ್ಲ, ಗುರುತ್ವ ಮಾತ್ರ ಕೆಲಸ ಮಾಡುತ್ತದೆ, ಆದ್ದರಿಂದ ಎಲ್ಲ ಆಳದಲ್ಲೂ ಹರಿವಿನ ದರ ಆ ಹೆಡ್‌ನಲ್ಲಿನ ಜಲವಾಹಕತೆಗೆ ಸಮನಾಗಿರಬೇಕು. ಹೋಲಿಸಿ ನೋಡಲು ಒಂದು ಅಂಕಿ ಇಟ್ಟುಕೊಳ್ಳಿ: ಗೋಡುಮಣ್ಣಿಗೆ ಉಳಿಕೆ ತೇವಾಂಶ 0.078, ಪರ್ಯಾಪ್ತ ತೇವಾಂಶ 0.43, ಆಲ್ಫಾ ಪ್ರತಿ ಸೆಂ.ಮೀ.ಗೆ 0.036, ಎನ್ 1.56 (ಇವೆರಡೂ ವಾನ್ ಗೆನುಕ್ಟನ್ ಸೂತ್ರದ ವಕ್ರರೇಖೆಯ ಆಕಾರ ಹೇಳುವ ಸ್ಥಿರಾಂಕಗಳು; ಎಮ್ ಎಂದರೆ 1 − 1/ಎನ್) ಎಂದು ಕೊಟ್ಟರೆ, −100 ಸೆಂ.ಮೀ. ಹೆಡ್‌ನಲ್ಲಿ ಜಲವಾಹಕತೆ ದಿನಕ್ಕೆ ಸುಮಾರು 0.034 ಸೆಂ.ಮೀ. ಬರಬೇಕು. ಇದು ಬಾರದಿದ್ದರೆ ಮಣ್ಣಿನ ಗುಣಸೂತ್ರವನ್ನು ಬರೆಯುವಲ್ಲಿ, ಹೆಚ್ಚಾಗಿ ಎಮ್ ಮತ್ತು ಎನ್ ಘಾತಗಳನ್ನು ಅದಲುಬದಲು ಮಾಡಿದ್ದರಲ್ಲಿ, ತಪ್ಪಾಗಿದೆ.

ಮೂರನೆಯದು ಏಕಮಾನಗಳು. ಸೆಕೆಂಡಿಗೆ 1 ಮೀಟರ್ ಎಂದರೆ ದಿನಕ್ಕೆ 86.4 ಲಕ್ಷ ಸೆಂಟಿಮೀಟರ್. ಮೇಲಿನ ಗೋಡುಮಣ್ಣಿನ 24.96 ಸೆಂ.ಮೀ. ಸೆಕೆಂಡಿನ ಲೆಕ್ಕದಲ್ಲಿ ಸುಮಾರು 0.0000029 ಮೀಟರ್ ಆಗುತ್ತದೆ. ಆಲ್ಫಾ ಇನ್ನೂ ಹೆಚ್ಚು ಮೋಸ ಮಾಡುತ್ತದೆ, ಏಕೆಂದರೆ ಅದನ್ನು ಕೆಲವರು ಪ್ರತಿ ಸೆಂ.ಮೀ.ಗೆ, ಕೆಲವರು ಪ್ರತಿ ಮೀಟರಿಗೆ, ಪ್ರಯೋಗಾಲಯದವರು ಪ್ರತಿ ಕಿಲೋಪ್ಯಾಸ್ಕಲ್‌ಗೆ ಕೊಡುತ್ತಾರೆ. 1 ಕಿಲೋಪ್ಯಾಸ್ಕಲ್ ಸುಮಾರು 10.2 ಸೆಂ.ಮೀ. ನೀರಿನ ಹೆಡ್‌ಗೆ ಸಮ. ಆದ್ದರಿಂದ ಪ್ರತಿ ಸೆಂ.ಮೀ.ಗೆ 0.036 ಎಂಬುದು ಪ್ರತಿ ಕಿಲೋಪ್ಯಾಸ್ಕಲ್‌ಗೆ 0.367. ನಿಮ್ಮ ಗೋಡುಮಣ್ಣಿನ ಆಲ್ಫಾ ಪ್ರತಿ ಸೆಂ.ಮೀ.ಗೆ 0.3ರ ಆಸುಪಾಸಿನಲ್ಲಿದ್ದರೆ ಅದು ಮರಳಿನ ಆಲ್ಫಾಗಿಂತಲೂ (0.145) ಹೆಚ್ಚಾಯಿತು, ಏಕಮಾನ ಬದಲಿಸುವುದು ಮರೆತಿರುವ ಸಾಧ್ಯತೆಯೇ ಹೆಚ್ಚು.

ಲಕ್ಷಣ: ರನ್ ಮೊದಲ ಹಂತದಲ್ಲೇ ನಿಲ್ಲುತ್ತದೆ, ಅಥವಾ ಉತ್ತರದಲ್ಲಿ ಸಂಖ್ಯೆಯೇ ಇರುವುದಿಲ್ಲ

ಉತ್ತರದ ಜಾಗದಲ್ಲಿ ಸಂಖ್ಯೆಯಲ್ಲದ ಗುರುತು ಬಂದರೆ, ಮೊದಲು ನೋಡಬೇಕಾದದ್ದು ಯಾವುದಾದರೂ ನೋಡ್‌ನಲ್ಲಿ ಹೆಡ್ ಧನಾತ್ಮಕವಾಗಿದೆಯೇ ಎಂಬುದನ್ನು. ವಾನ್ ಗೆನುಕ್ಟನ್ ಸೂತ್ರ ಋಣ ಹೆಡ್‌ಗೆ ಮಾತ್ರ ಅನ್ವಯಿಸುತ್ತದೆ. ಹೆಡ್ ಸೊನ್ನೆ ದಾಟಿದಾಗ ಋಣ ಸಂಖ್ಯೆಯನ್ನು ಭಿನ್ನ ಘಾತಕ್ಕೆ ಏರಿಸಿದಂತಾಗಿ ಲೆಕ್ಕ ಕೆಡುತ್ತದೆ. ಹೆಡ್ ಸೊನ್ನೆ ಅಥವಾ ಅದಕ್ಕಿಂತ ಹೆಚ್ಚಿದ್ದಾಗ ತೇವಾಂಶ ಮತ್ತು ಜಲವಾಹಕತೆ ಪರ್ಯಾಪ್ತ ಬೆಲೆಯನ್ನೇ ಪಡೆಯುವಂತೆ ಕೋಡ್‌ನಲ್ಲಿ ಪ್ರತ್ಯೇಕ ಕವಲು ಇರಬೇಕು.

ಇದಕ್ಕೆ ವಿರುದ್ಧ ತುದಿಯಲ್ಲೂ ಒಂದು ತೊಂದರೆಯಿದೆ. ಮರಳಿನಂತಹ ಮಣ್ಣಿನಲ್ಲಿ ಪುನರಾವರ್ತನೆಯ ನಡುವೆ ಹೆಡ್ ದಿಕ್ಕುತಪ್ಪಿ −1 ಕೋಟಿ ಸೆಂ.ಮೀ.ನಷ್ಟು ಕೆಳಗೆ ಹೋದರೆ, ಜಲವಾಹಕತೆಯ ಸೂತ್ರದಲ್ಲಿ 1ರಿಂದ ಕಳೆಯಬೇಕಾದ ಸಂಖ್ಯೆ ದ್ವಿನಿಖರತೆಯ ಅಂಕಗಣಿತಕ್ಕೆ ಕಾಣದಷ್ಟು ಚಿಕ್ಕದಾಗುತ್ತದೆ. ಜಲವಾಹಕತೆ ನಿಖರವಾಗಿ ಸೊನ್ನೆಯಾಗಿ, ಆ ನೋಡ್ ಉಳಿದವುಗಳಿಂದ ಕಡಿದುಹೋಗುತ್ತದೆ. ಹೆಡ್‌ಗೆ ಭೌತಿಕ ಅರ್ಥವಿರುವ ಒಂದು ಕೆಳಮಿತಿಯನ್ನು ಇಟ್ಟರೆ ಸಾಕು. ಆದರೆ ಆ ಮಿತಿಯನ್ನು ಮುಟ್ಟಿದಾಗಲೆಲ್ಲ ಪ್ರೋಗ್ರಾಂ ಅದನ್ನು ದಾಖಲಿಸುವಂತೆ ಮಾಡಿ. ಸದ್ದಿಲ್ಲದೆ ಕತ್ತರಿಸುವ ಕೋಡ್ ಮುಂದೆ ನೀರಿನ ಲೆಕ್ಕವನ್ನು ಕೆಡಿಸುತ್ತದೆ.

ಇವೆರಡೂ ಸರಿಯಿದ್ದು ಮೊದಲ ಹಂತದಲ್ಲೇ ಒಮ್ಮುಖವಾಗದಿದ್ದರೆ ಆರಂಭಿಕ ಸ್ಥಿತಿಗೂ ಅಂಚಿನ ಷರತ್ತಿಗೂ ನಡುವೆ ಎಷ್ಟು ಜಿಗಿತವಿದೆ ಎಂದು ನೋಡಿ. −10,000 ಸೆಂ.ಮೀ.ನಷ್ಟು ಒಣಗಿದ ಕಂಬದ ಮೇಲ್ತುದಿಗೆ ಸೊನ್ನೆ ಕ್ಷಣದಲ್ಲಿ ನಿಂತ ನೀರು ಕೊಟ್ಟರೆ ಯಾವ ವಿಧಾನವೂ ತಡವರಿಸುತ್ತದೆ. ಮೊದಲ ಕಾಲಹಂತವನ್ನು ಚಿಕ್ಕದು ಮಾಡುವುದು, ಅಂಚಿನ ಹೆಡ್ಡನ್ನು ಕೆಲವು ಹಂತಗಳಲ್ಲಿ ಏರಿಸುವುದು, ಮೇಲ್ಭಾಗದ ಗ್ರಿಡ್ಡನ್ನು ಸಣ್ಣದು ಮಾಡುವುದು, ಈ ಮೂರನ್ನು ಇದೇ ಕ್ರಮದಲ್ಲಿ ಪ್ರಯತ್ನಿಸಬಹುದು.

ಲಕ್ಷಣ: ರನ್ ಚೆನ್ನಾಗಿ ಸಾಗಿ, ಮಧ್ಯದಲ್ಲಿ ಕಾಲಹಂತ ಕುಗ್ಗುತ್ತಾ ಕನಿಷ್ಠಕ್ಕೆ ಇಳಿದು ನಿಲ್ಲುತ್ತದೆ

ಜನ ಅತಿ ಹೆಚ್ಚು ಕಾಣುವ ಲಕ್ಷಣ ಇದೇ. ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು: ಯಾವ ಕ್ಷಣದಲ್ಲಿ ನಿಂತಿತು, ಮತ್ತು ಯಾವ ನೋಡ್ ಒಮ್ಮುಖವಾಗಲಿಲ್ಲ. ಬಹಳಷ್ಟು ಪ್ರೋಗ್ರಾಂಗಳು ಇವನ್ನು ತಾವಾಗಿ ಹೇಳುವುದಿಲ್ಲ. ಪ್ರತಿ ಪುನರಾವರ್ತನೆಯಲ್ಲಿ ಅತಿ ಹೆಚ್ಚು ಬದಲಾವಣೆ ಕಂಡ ನೋಡ್‌ನ ಸಂಖ್ಯೆಯನ್ನು ಬರೆದಿಡುವ ಒಂದು ಸಾಲನ್ನು ಸೇರಿಸಿಕೊಳ್ಳುವುದು ಗಂಟೆಗಟ್ಟಲೆ ಊಹೆಯನ್ನು ಉಳಿಸುತ್ತದೆ.

ತೊಂದರೆ ಕೊಡುವ ನೋಡ್ ಒಣ ಭಾಗದಲ್ಲಿದ್ದರೆ ದೋಷ ಬಹುಶಃ ಹರಿವಿನಲ್ಲಿಲ್ಲ, ಒಮ್ಮುಖವನ್ನು ಅಳೆಯುವ ರೀತಿಯಲ್ಲಿದೆ. ಮೇಲಿನ ಗೋಡುಮಣ್ಣಿನಲ್ಲಿ ಹೆಡ್ −1,000 ಸೆಂ.ಮೀ. ಇದ್ದಾಗ ತೇವಾಂಶ 0.001ರಷ್ಟು ಬದಲಾಗಲು ಹೆಡ್ ಸುಮಾರು 38 ಸೆಂ.ಮೀ. ಬದಲಾಗಬೇಕು, −10,000 ಸೆಂ.ಮೀ.ನಲ್ಲಿ ಅಷ್ಟೇ ತೇವಾಂಶಕ್ಕೆ 1,300 ಸೆಂ.ಮೀ.ಗೂ ಹೆಚ್ಚು ಬದಲಾವಣೆ ಬೇಕು. ಹೀಗಿರುವಾಗ ಎಲ್ಲ ನೋಡ್‌ಗಳಲ್ಲೂ ಹೆಡ್ 1 ಸೆಂ.ಮೀ. ಒಳಗೆ ಸ್ಥಿರವಾಗಲಿ ಎಂದು ಹಠ ಹಿಡಿದರೆ ನೀರಿನ ಲೆಕ್ಕಕ್ಕೆ ಏನೂ ಸಂಬಂಧವಿಲ್ಲದ ನಿಖರತೆಗಾಗಿ ಕಾಲಹಂತ ಕುಗ್ಗುತ್ತದೆ. ಅಪರ್ಯಾಪ್ತ ನೋಡ್‌ಗಳಿಗೆ ತೇವಾಂಶದ ಅಳತೆಯನ್ನೂ, ಪರ್ಯಾಪ್ತ ನೋಡ್‌ಗಳಿಗೆ ಹೆಡ್‌ನ ಅಳತೆಯನ್ನೂ ಬಳಸುವುದು ಸರಿಯಾದ ದಾರಿ. ಹೈಡ್ರಸ್-1ಡಿ ಪ್ರೋಗ್ರಾಂ ಮಾಡುವುದೂ ಇದನ್ನೇ: ಅದರ ಪೂರ್ವನಿಗದಿತ ಬೆಲೆಗಳು ತೇವಾಂಶಕ್ಕೆ 0.001, ಹೆಡ್‌ಗೆ 1 ಸೆಂ.ಮೀ.

ನೋಡ್ ಜೇಡಿಮಣ್ಣಿನ ಪದರದಲ್ಲಿದ್ದು, ಪರ್ಯಾಪ್ತತೆಗೆ ಹತ್ತಿರವಾಗಿದ್ದು, ಹೆಡ್ ಎರಡು ಬೆಲೆಗಳ ನಡುವೆ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತಿದ್ದರೆ ಕಾರಣ ಬೇರೆ. ಅದು ಸೂತ್ರದ್ದೇ ದೋಷ. ಎನ್ ಬೆಲೆ 2ಕ್ಕಿಂತ ಕಡಿಮೆಯಿದ್ದಾಗ ಜಲವಾಹಕತೆಯ ವಕ್ರರೇಖೆ ಸೊನ್ನೆ ಹೆಡ್‌ನ ಬಳಿ ಲಂಬವಾಗಿ ಕುಸಿಯುತ್ತದೆ. ಎನ್ 1ಕ್ಕೆ ಹತ್ತಿರವಾದಷ್ಟೂ ಇದರ ಪರಿಣಾಮ ವಿಪರೀತವಾಗುತ್ತದೆ. ಆಲ್ಫಾ 0.008, ಎನ್ 1.09 ಇರುವ ಜೇಡಿಮಣ್ಣಿನಲ್ಲಿ ಹೆಡ್ ಸೊನ್ನೆಯಿಂದ −1 ಸೆಂ.ಮೀ.ಗೆ ಇಳಿದರೆ ಸಾಕು, ಜಲವಾಹಕತೆ ಪರ್ಯಾಪ್ತ ಬೆಲೆಯ ಸುಮಾರು ಎಂಟನೇ ಒಂದು ಭಾಗಕ್ಕೆ ಬೀಳುತ್ತದೆ, ತೇವಾಂಶ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ನಿಜವಾದ ಯಾವ ಜೇಡಿಮಣ್ಣೂ ಹೀಗೆ ವರ್ತಿಸುವುದಿಲ್ಲ. −2 ಸೆಂ.ಮೀ.ನಷ್ಟು ಸಣ್ಣ ಗಾಳಿ ಪ್ರವೇಶದ ಹೆಡ್ಡನ್ನು (ಅಲ್ಲಿಯವರೆಗೆ ಮಣ್ಣು ಪರ್ಯಾಪ್ತವಾಗಿಯೇ ಉಳಿಯುವ ಮಿತಿಯನ್ನು) ಸೂತ್ರಕ್ಕೆ ಸೇರಿಸುವ ತಿದ್ದುಪಡಿಯನ್ನು ವೋಗೆಲ್ ಮತ್ತು ಸಂಗಡಿಗರು ಇದಕ್ಕಾಗಿಯೇ ಕೊಟ್ಟಿದ್ದಾರೆ. ಹಲವು ಪ್ರೋಗ್ರಾಂಗಳಲ್ಲಿ ಇದು ಒಂದು ಆಯ್ಕೆಯಾಗಿ ಸಿಗುತ್ತದೆ. ಹಲವು ದಿನ ಕಾಡಿದ ರನ್ ಈ ಒಂದು ಆಯ್ಕೆಯಿಂದ ಸಲೀಸಾಗಿ ಮುಗಿಯುವುದುಂಟು. ಆದರೆ ಪರ್ಯಾಪ್ತತೆಯ ಬಳಿ ಒಳಹೋಗುವ ನೀರಿನ ಪ್ರಮಾಣ ಇದರಿಂದ ಗಣನೀಯವಾಗಿ ಬದಲಾಗುತ್ತದೆ, ಆದ್ದರಿಂದ ವರದಿಯಲ್ಲಿ ಅದನ್ನು ಬಳಸಿದ್ದೇವೆಂದು ಹೇಳಲೇಬೇಕು.

ನೋಡ್ ಎರಡು ಪದರಗಳ ಗಡಿಯಲ್ಲಿದ್ದರೆ ಅಲ್ಲಿ ಗ್ರಿಡ್ ಅಂತರ ಹಠಾತ್ತಾಗಿ ಬದಲಾಗಿದೆಯೇ ನೋಡಿ, ಗಡಿಯ ಎರಡೂ ಬದಿಗಳಲ್ಲಿ ಅಂತರವನ್ನು ಕ್ರಮೇಣ ಕಡಿಮೆ ಮಾಡಿ. ಸಣ್ಣ ಕಣದ ಮಣ್ಣಿನ ಕೆಳಗೆ ಒರಟು ಮರಳಿದ್ದರೆ ನೀರು ಗಡಿಯಲ್ಲಿ ತಡೆದು ನಿಂತು, ಮೇಲಿನ ಪದರ ಸಾಕಷ್ಟು ಒದ್ದೆಯಾದ ಮೇಲೆ ಒಮ್ಮೆಲೇ ಇಳಿಯುವುದು ಸಹಜವಾದ ಭೌತಿಕ ಘಟನೆ. ಆ ಕ್ಷಣದಲ್ಲಿ ಕಾಲಹಂತ ಕುಗ್ಗಿದರೆ ಅದನ್ನು ದೋಷವೆಂದು ತಿಳಿಯಬೇಕಿಲ್ಲ.

ಕಾಲಹಂತವನ್ನು ಪುನರಾವರ್ತನೆಗಳ ಸಂಖ್ಯೆಗೆ ತಕ್ಕಂತೆ ಹೊಂದಿಸುವ ವ್ಯವಸ್ಥೆ ಇಲ್ಲದಿದ್ದರೆ ಅದನ್ನು ಸೇರಿಸಿ. 3 ಅಥವಾ ಅದಕ್ಕಿಂತ ಕಡಿಮೆ ಪುನರಾವರ್ತನೆಗಳಲ್ಲಿ ಮುಗಿದರೆ ಮುಂದಿನ ಹಂತವನ್ನು 1.3ರಿಂದ, 7 ಅಥವಾ ಹೆಚ್ಚು ಬೇಕಾದರೆ 0.7ರಿಂದ ಗುಣಿಸುವುದು, 10ರಲ್ಲೂ ಮುಗಿಯದಿದ್ದರೆ ಹಂತವನ್ನು ಮೂರನೇ ಒಂದಕ್ಕೆ ಇಳಿಸಿ ಮತ್ತೆ ಶುರು ಮಾಡುವುದು ಬಳಕೆಯಲ್ಲಿ ಚೆನ್ನಾಗಿ ಪಳಗಿದ ಕ್ರಮ. ಪುನರಾವರ್ತನೆಗೆ ಸರಳವಾದ ಪಿಕಾರ್ಡ್ ವಿಧಾನ ಬಿಟ್ಟು ನ್ಯೂಟನ್ ವಿಧಾನಕ್ಕೆ ಹೋಗುವುದು, ಒಣ ಭಾಗದಲ್ಲಿ ತೇವಾಂಶವನ್ನೂ ಒದ್ದೆ ಭಾಗದಲ್ಲಿ ಹೆಡ್ಡನ್ನೂ ಮುಖ್ಯ ಚರವಾಗಿ ಬದಲಿಸುತ್ತಾ ಹೋಗುವುದು ಇವೆಲ್ಲ ಇನ್ನೂ ಶಕ್ತಿಯುತ ಉಪಾಯಗಳು. ಆದರೆ ನ್ಯೂಟನ್ ವಿಧಾನ ಉತ್ತರದ ಹತ್ತಿರವಿದ್ದಾಗ ವೇಗವಾಗಿಯೂ ದೂರವಿದ್ದಾಗ ದಿಕ್ಕೆಟ್ಟೂ ಓಡುತ್ತದೆ. ಮೇಲಿನ ಸರಳ ಕಾರಣಗಳನ್ನು ತಳ್ಳಿಹಾಕದೆ ಅದಕ್ಕೆ ಕೈಹಾಕುವುದು ಸಮಯದ ನಷ್ಟ.

ಲಕ್ಷಣ: ರನ್ ಮುಗಿಯುತ್ತದೆ, ಆದರೆ ನೀರಿನ ಜಮಾ-ಖರ್ಚು ಹೊಂದುವುದಿಲ್ಲ

ಕಂಬದಲ್ಲಿ ಹೆಚ್ಚಾದ ಒಟ್ಟು ನೀರನ್ನು, ಅಂಚುಗಳ ಮೂಲಕ ಒಳಬಂದ ನಿವ್ವಳ ನೀರಿನಿಂದ ಭಾಗಿಸಿ. ಉತ್ತರ 1 ಬರಬೇಕು. ಶೇಕಡಾ 1ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ರನ್‌ನ ಬೇರೆ ಯಾವ ಫಲಿತಾಂಶವನ್ನೂ ಚರ್ಚಿಸಬೇಡಿ.

ಅಗ್ಗದ ಪರೀಕ್ಷೆ ಮೊದಲು: ಅಂಚಿನ ಹರಿವನ್ನು ಹೇಗೆ ಕೂಡುತ್ತಿದ್ದೀರಿ? ಹರಿವಿನ ದರವನ್ನು ಮುದ್ರಣದ ಸಮಯಗಳಲ್ಲಿ ಮಾತ್ರ ತೆಗೆದು ಕೂಡಿದರೆ ಮಳೆಯ ಶಿಖರಗಳೇ ಬಿಟ್ಟುಹೋಗುತ್ತವೆ. ಪ್ರತಿ ಕಾಲಹಂತದಲ್ಲೂ, ಸಮೀಕರಣವನ್ನು ಬಿಡಿಸಲು ಬಳಸಿದ ಅದೇ ಸೂತ್ರದಿಂದ ಹರಿವನ್ನು ತೆಗೆದು ಕೂಡಬೇಕು. ನೀರು ಕಳೆದಿಲ್ಲ, ಲೆಕ್ಕ ಬರೆಯುವವನೇ ತಪ್ಪಿದ್ದಾನೆ ಎಂಬುದು ಎಷ್ಟೋ ಸಲ ಇಲ್ಲೇ ಗೊತ್ತಾಗುತ್ತದೆ.

ಲೆಕ್ಕ ಸರಿಯಿದ್ದೂ ನೀರು ಕಾಣೆಯಾಗಿದ್ದರೆ ಸಮೀಕರಣದ ಯಾವ ರೂಪ ಬಳಸಿದ್ದೀರಿ ಎಂದು ನೋಡಿ. ತೇವಾಂಶದ ಬದಲಾವಣೆಯನ್ನು ‘ತೇವ ಧಾರಣ ಗುಣಾಂಕ (ಹೆಡ್ 1 ಸೆಂ.ಮೀ. ಬದಲಾದಾಗ ತೇವಾಂಶ ಎಷ್ಟು ಬದಲಾಗುತ್ತದೆ ಎಂಬ ಅಳತೆ) ಗುಣಿಸು ಹೆಡ್‌ನ ಬದಲಾವಣೆ’ ಎಂದು ಬರೆಯುವ ಹೆಡ್ ರೂಪ ಕಲನಶಾಸ್ತ್ರದ ಪ್ರಕಾರ ಸರಿ. ಆದರೆ ಸೊನ್ನೆಯಲ್ಲದ ಕಾಲಹಂತದಲ್ಲಿ ಆ ಗುಣಾಂಕವೇ ಹಂತದುದ್ದಕ್ಕೂ ಬದಲಾಗುತ್ತಿರುತ್ತದೆ, ಆದ್ದರಿಂದ ಎರಡೂ ಬದಿ ಸಮನಾಗುವುದಿಲ್ಲ ಮತ್ತು ಪ್ರತಿ ಹಂತದಲ್ಲೂ ಸ್ವಲ್ಪ ನೀರು ಸೋರುತ್ತದೆ. ಸೀಲಿಯಾ, ಬುಲೂಟಾಸ್ ಮತ್ತು ಜರ್ಬಾ ಅವರು 1990ರಲ್ಲಿ ತೋರಿಸಿದ ಪರಿಹಾರ ಸರಳ: ತೇವಾಂಶವನ್ನು ತೇವಾಂಶವಾಗಿಯೇ ಸಮೀಕರಣದಲ್ಲಿ ಉಳಿಸಿಕೊಂಡು (ಇದೇ ಮಿಶ್ರ ರೂಪ), ಹೊಸ ಪುನರಾವರ್ತನೆಯ ತೇವಾಂಶವನ್ನು ಹಿಂದಿನ ಪುನರಾವರ್ತನೆಯ ತೇವಾಂಶ ಮತ್ತು ಹೆಡ್‌ನ ತಿದ್ದುಪಡಿಯ ಮೂಲಕ ಅಂದಾಜಿಸುವುದು. ಪುನರಾವರ್ತನೆ ಒಮ್ಮುಖವಾದಂತೆ ತಿದ್ದುಪಡಿಯ ಪದ ಸೊನ್ನೆಯಾಗುತ್ತದೆ, ಉಳಿಯುವುದು ನಿಜವಾದ ತೇವಾಂಶದ ವ್ಯತ್ಯಾಸ ಮಾತ್ರ. ಇದಕ್ಕೆ ಹೆಚ್ಚುವರಿ ಗಣನೆಯೂ ಬೇಕಿಲ್ಲ. ಹೆಡ್ ರೂಪದ ಕೋಡ್ ಇದ್ದರೆ ಕೆಲವು ಸಾಲುಗಳ ಬದಲಾವಣೆಯಲ್ಲಿ ಇದನ್ನು ತರಬಹುದು.

ಅದೇ ಲೇಖನದ ಒಂದು ಪರೀಕ್ಷಾ ಸಮಸ್ಯೆಯನ್ನು ನಿಮ್ಮ ಕೋಡ್‌ನಲ್ಲಿ ಓಡಿಸಿ ನೋಡುವುದು ಒಳ್ಳೆಯದು. ಪರ್ಯಾಪ್ತ ತೇವಾಂಶ 0.368, ಉಳಿಕೆ ತೇವಾಂಶ 0.102, ಆಲ್ಫಾ ಪ್ರತಿ ಸೆಂ.ಮೀ.ಗೆ 0.0335, ಎನ್ 2, ಪರ್ಯಾಪ್ತ ಜಲವಾಹಕತೆ ಸೆಕೆಂಡಿಗೆ 0.00922 ಸೆಂ.ಮೀ.; ಆರಂಭದಲ್ಲಿ ಇಡೀ ಕಂಬ −1,000 ಸೆಂ.ಮೀ., ಮೇಲ್ತುದಿಯಲ್ಲಿ −75 ಸೆಂ.ಮೀ. ಹೆಡ್ ಇರಲಿ. ಹೆಡ್ ರೂಪದಲ್ಲಿ ಕಾಲಹಂತ ಬದಲಿಸಿದಂತೆ ಒದ್ದೆಯ ಮುಂಚೂಣಿಯ ಆಳವೇ ಬದಲಾಗುವುದನ್ನೂ, ಮಿಶ್ರ ರೂಪದಲ್ಲಿ ಹಾಗಾಗದಿರುವುದನ್ನೂ ಕಣ್ಣಾರೆ ಕಾಣಬಹುದು.

ಲಕ್ಷಣ: ಜಮಾ-ಖರ್ಚು ಸರಿಯಿದೆ, ಆದರೆ ಒದ್ದೆಯ ಮುಂಚೂಣಿಯ ಎದುರು ಅಲೆಗಳು ಕಾಣುತ್ತವೆ

ನೀರು ಇನ್ನೂ ತಲುಪದ ಜಾಗದಲ್ಲಿ ಮಣ್ಣು ಆರಂಭಕ್ಕಿಂತ ಒಣಗಿದಂತೆ ಗ್ರಾಫ್ ತೋರಿಸಿದರೆ ಅದು ಭೌತಿಕವಾಗಿ ಅಸಾಧ್ಯ. ಜಮಾ-ಖರ್ಚು ಹೊಂದಿದೆ ಎಂಬ ಸಮಾಧಾನ ಇಲ್ಲಿ ದಾರಿ ತಪ್ಪಿಸುತ್ತದೆ. ಒಂದು ಕಡೆ ಹೆಚ್ಚು, ಪಕ್ಕದಲ್ಲಿ ಕಡಿಮೆ ತೋರಿಸಿದರೂ ಮೊತ್ತ ಸರಿಯಾಗಿಯೇ ಇರುತ್ತದೆ.

ಫೈನೈಟ್ ಎಲಿಮೆಂಟ್ ವಿಧಾನ ಬಳಸುತ್ತಿದ್ದರೆ ಕಾಲದ ಪದದ ಮ್ಯಾಟ್ರಿಕ್ಸ್ ಕರ್ಣೀಯವಾಗಿದೆಯೇ ನೋಡಿ. ಅಕ್ಕಪಕ್ಕದ ನೋಡ್‌ಗಳಿಗೆ ಹಂಚಿದ ಮ್ಯಾಟ್ರಿಕ್ಸ್ ಚಿಕ್ಕ ಕಾಲಹಂತಗಳಲ್ಲಿ ಇಂಥ ಅಲೆಗಳನ್ನು ಹುಟ್ಟಿಸುತ್ತದೆ. ವಿಚಿತ್ರವೆಂದರೆ ಕಾಲಹಂತ ಚಿಕ್ಕದಾದಷ್ಟೂ ಅಲೆಗಳು ಹೆಚ್ಚುತ್ತವೆ, ಆದ್ದರಿಂದ ಹಂತ ಕಡಿಮೆ ಮಾಡಿದಾಗ ತೊಂದರೆ ಜಾಸ್ತಿಯಾದರೆ ಕಾರಣ ಇದೇ ಎಂದು ಬಹುಮಟ್ಟಿಗೆ ತೀರ್ಮಾನಿಸಬಹುದು. ಸಾಲಿನ ಬೆಲೆಗಳನ್ನೆಲ್ಲ ಕರ್ಣಕ್ಕೆ ಕೂಡಿಸಿಬಿಟ್ಟರೆ ಮುಗಿಯಿತು. ಫೈನೈಟ್ ಡಿಫರೆನ್ಸ್ ವಿಧಾನದಲ್ಲಿ ಮ್ಯಾಟ್ರಿಕ್ಸ್ ಮೊದಲೇ ಕರ್ಣೀಯವಾಗಿರುತ್ತದೆ; ಅಲ್ಲಿ ಅಲೆಗಳು ಬಂದರೆ ಗ್ರಿಡ್ ಅಂತರ ದೊಡ್ಡದಾಗಿದೆ. ಜಲವಾಹಕತೆ ಗಾರ್ಡ್ನರ್ ಅವರ 1958ರ ಘಾತೀಯ ಸೂತ್ರದಂತೆ ಇಳಿಯುವುದಾದರೆ, ಆ ಸೂತ್ರದ ಆಲ್ಫಾ ಮತ್ತು ಗ್ರಿಡ್ ಅಂತರದ ಗುಣಲಬ್ಧ 2ಕ್ಕಿಂತ ಕಡಿಮೆಯಿರಬೇಕು ಎಂಬುದು ಕನಿಷ್ಠ ನಿಯಮ. ಈ ಆಲ್ಫಾ ವಾನ್ ಗೆನುಕ್ಟನ್ ಆಲ್ಫಾ ಅಲ್ಲ, ಹೆಸರು ಮಾತ್ರ ಒಂದೇ.

ಲಕ್ಷಣ: ಗ್ರಿಡ್ ಬದಲಿಸಿದರೆ ಉತ್ತರವೂ ಬದಲಾಗುತ್ತದೆ

ಎರಡು ನೋಡ್‌ಗಳ ನಡುವಿನ ಜಲವಾಹಕತೆಯನ್ನು ಯಾವ ಸರಾಸರಿಯಿಂದ ತೆಗೆಯುತ್ತೀರಿ ಎಂಬುದು ಇಲ್ಲಿಯ ಮೊದಲ ಸಂಶಯ. ಒಂದು ನೋಡ್ ಪರ್ಯಾಪ್ತ ಗೋಡುಮಣ್ಣು, ಪಕ್ಕದ್ದು −1,000 ಸೆಂ.ಮೀ.ನಷ್ಟು ಒಣ ಎಂದುಕೊಳ್ಳಿ. ಸಮಾಂತರ ಸರಾಸರಿ ದಿನಕ್ಕೆ 12.48 ಸೆಂ.ಮೀ. ಕೊಡುತ್ತದೆ, ಗುಣೋತ್ತರ ಸರಾಸರಿ 0.02 ಸೆಂ.ಮೀ., ಹರಾತ್ಮಕ ಸರಾಸರಿ 0.000033 ಸೆಂ.ಮೀ. ಒಂದೇ ಜಾಗಕ್ಕೆ ಮೂರು ಉತ್ತರ, ಮೊದಲನೆಯದಕ್ಕೂ ಕೊನೆಯದಕ್ಕೂ 3.8 ಲಕ್ಷ ಪಟ್ಟು ಅಂತರ! ಪರ್ಯಾಪ್ತ ಅಂತರ್ಜಲದ ಮಾದರಿಗಳಲ್ಲಿ ರೂಢಿಯಾಗಿರುವ ಹರಾತ್ಮಕ ಸರಾಸರಿಯನ್ನು ಇಲ್ಲಿಗೆ ತಂದರೆ ನೀರು ಒಣ ಮಣ್ಣಿನ ಬಾಗಿಲಲ್ಲೇ ನಿಂತುಬಿಡುತ್ತದೆ. ಸಮಾಂತರ ಸರಾಸರಿ ಮುಂಚೂಣಿಯನ್ನು ಸ್ವಲ್ಪ ಹರಡಿ ಮುಂದಕ್ಕೆ ತಳ್ಳುತ್ತದೆಯಾದರೂ ಒಣ ಮಣ್ಣಿಗೆ ಇಳಿಯುವ ನೀರಿನ ಸಮಸ್ಯೆಗೆ ಅದೇ ಸುರಕ್ಷಿತ ಆರಂಭ. ಗುಣೋತ್ತರ ಸರಾಸರಿ ಸಣ್ಣ ಗ್ರಿಡ್‌ನಲ್ಲಿ ಚೆನ್ನಾಗಿಯೂ ದೊಡ್ಡ ಗ್ರಿಡ್‌ನಲ್ಲಿ ನಿಧಾನವಾಗಿಯೂ ವರ್ತಿಸುತ್ತದೆ.

ಸರಾಸರಿ ಯಾವುದೇ ಇರಲಿ, ಗ್ರಿಡ್ ಅಂತರವನ್ನು ಅರ್ಧಕ್ಕೆ ಇಳಿಸಿ ಮತ್ತೆ ಓಡಿಸಿ. ಮುಂಚೂಣಿಯ ಆಳ, ಒಟ್ಟು ಒಳಹೋದ ನೀರು ಎರಡೂ ಗಮನಾರ್ಹವಾಗಿ ಬದಲಾಗದ ತನಕ ಇದನ್ನು ಮುಂದುವರಿಸಬೇಕು. ಮೇಲ್ಮೈಯ ಬಳಿ 1 ಸೆಂ.ಮೀ. ಅಥವಾ ಅದಕ್ಕೂ ಚಿಕ್ಕ ಅಂತರ, ಆಳಕ್ಕೆ ಹೋದಂತೆ ಕ್ರಮೇಣ ದೊಡ್ಡ ಅಂತರ ಇಡುವುದು ಸಾಮಾನ್ಯವಾಗಿ ಸಾಕಾಗುತ್ತದೆ.

ಲಕ್ಷಣ: ಮಳೆ ಅಥವಾ ಬಿಸಿಲು ಶುರುವಾದಾಗ ಮೇಲ್ಮೈಯ ಹರಿವು ಹುಚ್ಚು ಹಿಡಿದಂತೆ ಏರಿಳಿಯುತ್ತದೆ

ಮೇಲ್ಮೈಯಲ್ಲಿ ಷರತ್ತು ಎರಡು ಬಗೆಯದು. ಮಣ್ಣು ಹೀರಬಲ್ಲಷ್ಟು ಮಳೆ ಬೀಳುವಾಗ ಹರಿವಿನ ದರ ಗೊತ್ತಿರುತ್ತದೆ, ಮಣ್ಣು ತುಂಬಿದ ಮೇಲೆ ಹೆಡ್ ಗೊತ್ತಿರುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಾಗುವ ನಿರ್ಧಾರವನ್ನು ಪ್ರೋಗ್ರಾಂ ಪ್ರತಿ ಪುನರಾವರ್ತನೆಯಲ್ಲೂ ಹಿಂದೆಮುಂದೆ ತೆಗೆದುಕೊಂಡರೆ ಒಮ್ಮುಖ ಸಾಧ್ಯವೇ ಇಲ್ಲ. ಒಂದು ಕಾಲಹಂತದೊಳಗೆ ಒಂದೇ ಬದಲಾವಣೆಗೆ ಅವಕಾಶ ಕೊಡಿ, ಮತ್ತು ಮಳೆಯ ದರ ಬದಲಾಗುವ ಕ್ಷಣದಲ್ಲಿ ಕಾಲಹಂತ ಚಿಕ್ಕದರಿಂದ ಶುರುವಾಗಲಿ.

ಆವಿಯಾಗುವಿಕೆಯಲ್ಲಿ ಮೇಲ್ಮೈ ಹೆಡ್‌ಗೆ ಕೊಟ್ಟ ಕೆಳಮಿತಿ ತೀರಾ ಆಳವಾಗಿದ್ದರೆ ಮೇಲಿನ ಒಂದೆರಡು ನೋಡ್‌ಗಳಲ್ಲಿ ವಿಪರೀತ ಇಳಿಜಾರು ಹುಟ್ಟುತ್ತದೆ. −10,000 ಸೆಂ.ಮೀ.ನಿಂದ ಆರಂಭಿಸಿ ಮಿತಿಯನ್ನು ಹಂತಹಂತವಾಗಿ ಕೆಳಗಿಳಿಸಿ, ಆವಿಯಾದ ಒಟ್ಟು ನೀರು ಬದಲಾಗುವುದು ನಿಂತ ಕಡೆ ನಿಲ್ಲಿಸಿ.

ಮಳೆಯ ದತ್ತಾಂಶವನ್ನೂ ಒಮ್ಮೆ ಅನುಮಾನಿಸಬೇಕು. 48 ಮಿ.ಮೀ. ಮಳೆಯನ್ನು ಇಡೀ ದಿನಕ್ಕೆ ಹಂಚಿದರೆ ಗಂಟೆಗೆ 2 ಮಿ.ಮೀ. ಆಯಿತು, ಗಂಟೆಗೆ 10.4 ಮಿ.ಮೀ. ಪರ್ಯಾಪ್ತ ಜಲವಾಹಕತೆಯಿರುವ ಗೋಡುಮಣ್ಣು ಅದನ್ನು ಪೂರ್ತಿ ಹೀರುತ್ತದೆ. ಅದೇ ಮಳೆ ಒಂದೇ ಗಂಟೆಯಲ್ಲಿ ಸುರಿದಿದ್ದರೆ ಅದರ ಒಂದು ಭಾಗ ಮೇಲ್ಮೈಯಲ್ಲಿ ನಿಂತು ಹರಿದುಹೋಗಬಹುದಿತ್ತು. ‘ಮಾದರಿ ಹರಿದುಹೋಗುವ ನೀರನ್ನೇ ತೋರಿಸುತ್ತಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಲಕ್ಷಣ: ಮಣ್ಣು ಪೂರ್ತಿ ತುಂಬಿದಾಗ ಮ್ಯಾಟ್ರಿಕ್ಸ್ ಸಿಂಗ್ಯುಲರ್ ಎಂಬ ಸಂದೇಶ ಬರುತ್ತದೆ

ಪರ್ಯಾಪ್ತ ಮಣ್ಣಿನಲ್ಲಿ ತೇವ ಧಾರಣ ಗುಣಾಂಕ ಸೊನ್ನೆಯಾಗುವುದರಿಂದ ಕಾಲದ ಪದವೇ ಮಾಯವಾಗುತ್ತದೆ. ಆಗ ಎಲ್ಲ ಅಂಚುಗಳಲ್ಲೂ ಹರಿವಿನ ದರವನ್ನೇ ಕೊಟ್ಟಿದ್ದರೆ ಹೆಡ್ ಎಷ್ಟೆಂದು ನಿರ್ಧರಿಸುವ ಆಧಾರವೇ ಉಳಿಯುವುದಿಲ್ಲ. ಎಲ್ಲಾದರೂ ಒಂದು ಕಡೆ ಹೆಡ್ ನಿಗದಿಯಾಗಿರಬೇಕು, ಅಥವಾ ನೀರು ಮತ್ತು ಮಣ್ಣಿನ ಸಂಕೋಚನವನ್ನು ಹಿಡಿಯುವ ನಿಜವಾದ ವಿಶಿಷ್ಟ ಸಂಗ್ರಹಣೆಯನ್ನು ಸೇರಿಸಬೇಕು. ತುಂಬಿದ ಕಂಬಕ್ಕೆ ಹೊರಹೋಗುವುದಕ್ಕಿಂತ ಹೆಚ್ಚು ನೀರನ್ನು ಒತ್ತಾಯದಿಂದ ತುಂಬಿಸುತ್ತಿದ್ದರೆ ಉತ್ತರವೇ ಇಲ್ಲ. ಅಲ್ಲಿ ತಿದ್ದಬೇಕಾದದ್ದು ಮೇಲ್ಮೈಯ ಷರತ್ತನ್ನು.

ಲಕ್ಷಣ: ಗಣಿತವೆಲ್ಲ ಸರಿಯಿದೆ, ಹೊಲದ ಅಳತೆಗೆ ಮಾತ್ರ ಹೊಂದುವುದಿಲ್ಲ

ಮೇಲಿನ ಪರೀಕ್ಷೆಗಳೆಲ್ಲ ಮುಗಿದ ಮೇಲೂ ಅಳತೆಗೆ ಉತ್ತರ ಹೊಂದದಿದ್ದರೆ ಸಂಖ್ಯಾ ವಿಧಾನವನ್ನು ಇನ್ನು ಮುಟ್ಟಬೇಡಿ. 60 ಸೆಂ.ಮೀ. ಆಳದ ಟೆನ್ಸಿಯೋಮೀಟರ್ (ಮಣ್ಣಿನ ನೀರಿನ ಒತ್ತಡ ಅಳೆಯುವ ಉಪಕರಣ) ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಪ್ರತಿಕ್ರಿಯಿಸಿ, ಮಾದರಿ ಅದಕ್ಕೆ ವಾರಗಳು ಬೇಕೆನ್ನುತ್ತಿದ್ದರೆ, ನೀರು ಬಿರುಕು ಮತ್ತು ಬೇರಿನ ರಂಧ್ರಗಳ ಮೂಲಕ ಇಳಿಯುತ್ತಿದೆ. ರಿಚರ್ಡ್ಸ್ ಸಮೀಕರಣ ಒಂದೇ ಬಗೆಯ ರಂಧ್ರವ್ಯವಸ್ಥೆಯನ್ನು ಊಹಿಸಿಕೊಳ್ಳುತ್ತದೆ. ಪರ್ಯಾಪ್ತ ಜಲವಾಹಕತೆಯನ್ನು ನೂರು ಪಟ್ಟು ಹೆಚ್ಚಿಸಿ ಆ ಒಂದು ಅಳತೆಗೆ ಹೊಂದಿಸಬಹುದು, ಆದರೆ ಉಳಿದ ಆಳಗಳ ತೇವಾಂಶ ಕೆಟ್ಟುಹೋಗುತ್ತದೆ. ಅಲ್ಲಿ ಬೇಕಾದದ್ದು ಬಿರುಕುಗಳಿಗೂ ಉಳಿದ ಮಣ್ಣಿಗೂ ಬೇರೆ ಬೇರೆ ಹರಿವಿನ ಲೆಕ್ಕ ಇಡುವ ದ್ವಿ-ವಾಹಕತೆಯ ಮಾದರಿ. ಒದ್ದೆಯಾಗುವಾಗ ಹೊಂದಿ ಒಣಗುವಾಗ ಹೊಂದದಿದ್ದರೆ ಹಿಸ್ಟರೆಸಿಸ್ (ಒದ್ದೆಯಾಗುವಾಗ ಮತ್ತು ಒಣಗುವಾಗ ಒಂದೇ ಹೆಡ್‌ನಲ್ಲಿ ತೇವಾಂಶ ಬೇರೆಯಾಗಿರುವುದು) ಕಡೆ ನೋಡಿ: ಪ್ರಯೋಗಾಲಯದ ವಕ್ರರೇಖೆ ಸಾಮಾನ್ಯವಾಗಿ ಒಣಗುವಿಕೆಯದು, ಒದ್ದೆಯಾಗುವಿಕೆಯ ಆಲ್ಫಾವನ್ನು ಅದರ ಎರಡು ಪಟ್ಟು ಎಂದು ಊಹಿಸುವ ರೂಢಿಯಿದೆ. ಸಾಮಾನ್ಯ ಟೆನ್ಸಿಯೋಮೀಟರ್ ಸುಮಾರು −800 ಸೆಂ.ಮೀ.ಗಿಂತ ಕೆಳಗೆ ಕೆಲಸ ಮಾಡುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಅದಕ್ಕಿಂತ ಒಣ ಸ್ಥಿತಿಯ ಓದುಗಳೊಂದಿಗೆ ಮಾದರಿಯನ್ನು ಹೋಲಿಸಿ ಕೊರಗುವುದರಲ್ಲಿ ಅರ್ಥವಿಲ್ಲ.

ಎಲ್ಲಿ ನಿಲ್ಲಿಸಬೇಕು, ಯಾರ ನೆರವು ಕೇಳಬೇಕು

ನಿಶ್ಚಲ ನೀರಿನ ಪರೀಕ್ಷೆ ಗೆದ್ದು, ಏಕಮಾನಗಳನ್ನು ಇನ್ನೊಬ್ಬರಿಂದ ಓದಿಸಿ, ಒಂದೇ ಪದರದ ಒಂದೇ ಆಯಾಮದ ಕಂಬಕ್ಕೆ ಸಮಸ್ಯೆಯನ್ನು ಇಳಿಸಿದ ಮೇಲೂ ದೋಷ ಉಳಿದರೆ ಸಂಖ್ಯಾ ವಿಧಾನ ಬಲ್ಲವರನ್ನು ಕೇಳುವ ಸಮಯ ಬಂದಿದೆ. ಆ ಚಿಕ್ಕ ಕಂಬದಲ್ಲಿ ದೋಷ ಕಾಣದಿದ್ದರೆ ಪದರ, ಬೇರು, ಆವಿಯಾಗುವಿಕೆಗಳನ್ನು ಒಂದೊಂದಾಗಿ ಮರಳಿ ಸೇರಿಸುತ್ತಾ ಹೋಗಿ. ಯಾವುದು ಸೇರಿದಾಗ ರನ್ ಕೆಡುತ್ತದೋ ಅಲ್ಲಿಗೆ ಹುಡುಕಾಟ ಕಿರಿದಾಗುತ್ತದೆ. ಅಳತೆಗೆ ಹೊಂದದ ತೊಂದರೆಯಾದರೆ ಕೇಳಬೇಕಾದವರು ಮಣ್ಣುವಿಜ್ಞಾನ ಬಲ್ಲವರೇ ಹೊರತು ಕೋಡ್ ಬಲ್ಲವರಲ್ಲ.

ಮಾದರಿಯ ಉತ್ತರದ ಮೇಲೆ ಇಳಿಜಾರಿನ ಭದ್ರತೆ, ಮಣ್ಣಿನ ಅಣೆಕಟ್ಟು, ತ್ಯಾಜ್ಯದ ಗುಂಡಿಯ ಹೊದಿಕೆ, ಕುಡಿಯುವ ನೀರಿಗೆ ಕಲ್ಮಶ ಸೇರುವ ಅಪಾಯ ಇಂಥ ನಿರ್ಧಾರಗಳು ನಿಂತಿದ್ದರೆ ಟಾಲರೆನ್ಸ್ ಸಡಿಲಿಸಿ ಮುಗಿಸಿದ ರನ್ ಒಂದನ್ನೂ ಹೊರಗೆ ಕೊಡಬಾರದು. ಮಳೆಯಲ್ಲಿ ಇಳಿಜಾರು ಜಾರುವುದು ರಂಧ್ರದ ಒತ್ತಡ ಏರಿದಾಗ. ಮೇಲೆ ಹೇಳಿದ ಜೇಡಿಮಣ್ಣಿನ ದೋಷ ಕೆಡಿಸುವುದು ಇದೇ ಪರ್ಯಾಪ್ತತೆಯ ಬಳಿಯ ಹೆಡ್ಡನ್ನು. ಇಂಥ ಕೆಲಸದಲ್ಲಿ ಸ್ವತಂತ್ರವಾದ ಎರಡನೇ ಪ್ರೋಗ್ರಾಂನಲ್ಲಿ ಅದೇ ಸಮಸ್ಯೆಯನ್ನು ಓಡಿಸಿ ಹೋಲಿಸುವುದು ಮತ್ತು ಅರ್ಹ ಭೂತಾಂತ್ರಿಕ ಎಂಜಿನಿಯರ್ ಒಬ್ಬರ ಪರಿಶೀಲನೆ, ಎರಡೂ ಕಡ್ಡಾಯ.

ನೆರವು ಕೇಳುವಾಗ ದೋಷವನ್ನು ತೋರಿಸುವ ಅತಿ ಚಿಕ್ಕ ಇನ್‌ಪುಟ್, ಎಲ್ಲ ಏಕಮಾನಗಳು, ಲಂಬ ಅಕ್ಷದ ದಿಕ್ಕು, ಬಳಸಿದ ಸಮೀಕರಣದ ರೂಪ, ಕೆಟ್ಟ ಕಾಲಹಂತ ಮತ್ತು ನೋಡ್‌ನ ಸಂಖ್ಯೆ, ಹಾಗೂ ಆ ಕ್ಷಣದವರೆಗಿನ ಜಮಾ-ಖರ್ಚಿನ ಅನುಪಾತ ಇವಿಷ್ಟನ್ನು ಒಟ್ಟಿಗೆ ಕೊಡಿ. ಪರದೆಯ ಚಿತ್ರ ಮಾತ್ರ ಕಳುಹಿಸಿದರೆ ಎದುರಿನವರು ಮೊದಲು ಕೇಳುವುದು ಇವನ್ನೇ.